ಬಿಸಿಸಿಐ ಜಮಾ-ಖರ್ಚು ಓದುವುದು ಹೇಗೆ?

ವರ್ಷಕ್ಕೊಮ್ಮೆ ಬಿಸಿಸಿಐ ಆದಾಯದ ಸುದ್ದಿ ಬಂದೇ ಬರುತ್ತದೆ. ಒಬ್ಬರು 9,741 ಕೋಟಿ ಎನ್ನುತ್ತಾರೆ, ಇನ್ನೊಬ್ಬರು ಐಪಿಎಲ್ ಒಂದರಿಂದಲೇ 11,769 ಕೋಟಿ ಎನ್ನುತ್ತಾರೆ, ಮತ್ತೊಬ್ಬರು 5,120 ಕೋಟಿ ಎಂದು ಬರೆಯುತ್ತಾರೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮೂರೂ ಬೇರೆ ಬೇರೆ ಲೆಕ್ಕ. ಅವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಹೋದರೆ ತಲೆ ಕೆಡುವುದು ಖಚಿತ.

ಮೊದಲು ಸಂಸ್ಥೆಯ ಸ್ವರೂಪ. ಬಿಸಿಸಿಐ ಕಂಪನಿಯಲ್ಲ, ತಮಿಳುನಾಡಿನ ಸಂಘಗಳ ನೋಂದಣಿ ಕಾಯ್ದೆಯಡಿ ಇರುವ ಒಂದು ಸಂಘ. ಕಚೇರಿ ಮುಂಬೈನ ವಾಂಖೆಡೆಯಲ್ಲಿದ್ದರೂ ನೋಂದಣಿ ಚೆನ್ನೈ ಕಡೆಯದು. ಷೇರುದಾರರಿಲ್ಲ, ಡಿವಿಡೆಂಡ್ ಇಲ್ಲ. ಆದ್ದರಿಂದ ಅದು ಸಿದ್ಧಪಡಿಸುವುದು ಲಾಭ-ನಷ್ಟದ ಪತ್ರವಲ್ಲ, ಆದಾಯ-ವೆಚ್ಚದ ಪತ್ರ. ಕೊನೆಯಲ್ಲಿ ಉಳಿಯುವುದಕ್ಕೆ ಹೆಸರು ಹೆಚ್ಚುವರಿ. ಐಪಿಎಲ್ ಕೂಡ ಪ್ರತ್ಯೇಕ ಕಂಪನಿಯಲ್ಲ, ಆಡಳಿತ ಮಂಡಳಿ ಎಂಬ ಸಮಿತಿಯ ಮೂಲಕ ಬಿಸಿಸಿಐಯೇ ನಡೆಸುವ ಟೂರ್ನಿ.

ಗೊಂದಲ ಶುರುವಾಗುವುದು ಇಲ್ಲೇ. 2023ರ ಐಪಿಎಲ್ ಋತುವಿನ ಒಟ್ಟು ವರಮಾನ 11,769 ಕೋಟಿ, ವೆಚ್ಚ 6,648 ಕೋಟಿ, ಉಳಿದದ್ದು ಸುಮಾರು 5,120 ಕೋಟಿ. ಇನ್ನು 2023-24ರ ಹಣಕಾಸು ವರ್ಷಕ್ಕೆ ಬಿಸಿಸಿಐ ಆದಾಯ 9,741.7 ಕೋಟಿ, ಅದರಲ್ಲಿ ಐಪಿಎಲ್ ಪಾಲು 5,761 ಕೋಟಿ, ಅಂದರೆ ಶೇ 59 ಎಂಬ ಅಂಕಿ ಎಲ್ಲ ಕಡೆ ಓಡಾಡಿತು. ಒಂದು ಕ್ಷಣ ಯೋಚಿಸಿ: ಐಪಿಎಲ್‌ನ ಪ್ರಸಾರ ಹಕ್ಕೊಂದೇ ವರ್ಷಕ್ಕೆ 8,700 ಕೋಟಿ ದಾಟುತ್ತದೆ. ಹಾಗಿರುವಾಗ 5,761 ಕೋಟಿ ಐಪಿಎಲ್‌ನ ಒಟ್ಟು ವರಮಾನ ಆಗಿರಲು ಸಾಧ್ಯವೇ ಇಲ್ಲ. ಅದು ಫ್ರಾಂಚೈಸಿಗಳ (ಅಂದರೆ ತಂಡದ ಮಾಲೀಕರ) ಪಾಲು, ಟೂರ್ನಿಯ ಖರ್ಚು ಎಲ್ಲ ಕಳೆದ ನಿವ್ವಳ ಮೊತ್ತವೇ ಇರಬೇಕು. ಒಂದು ಬಾಬ್ತು ನಿವ್ವಳ, ಪಕ್ಕದ ಬಾಬ್ತು ಒಟ್ಟು. ಎರಡನ್ನೂ ಕೂಡಿಸಿ ಶೇಕಡಾವಾರು ತೆಗೆದರೆ ಆ ಶೇ 59ಕ್ಕೆ ಹೆಚ್ಚು ಬೆಲೆ ಇಲ್ಲ.

ಪ್ರಸಾರ ಹಕ್ಕಿನ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲೇ ತಾಳೆ ನೋಡಬಹುದು. 2023ರಿಂದ 2027ರವರೆಗಿನ ಐದು ವರ್ಷಕ್ಕೆ ಹರಾಜಾದ ಮೊತ್ತ 48,390 ಕೋಟಿ. ಟಿವಿ ಹಕ್ಕು ಡಿಸ್ನಿ ಸ್ಟಾರ್‌ಗೆ 23,575 ಕೋಟಿಗೆ ಹೋಯಿತು, ಭಾರತದ ಡಿಜಿಟಲ್ ಹಕ್ಕು ವಯಾಕಾಮ್18ಗೆ 20,500 ಕೋಟಿಗೆ. ಉಳಿದದ್ದು ಆಯ್ದ ಪಂದ್ಯಗಳ ಮತ್ತು ವಿದೇಶಗಳ ಹಕ್ಕು. ಲೆಕ್ಕ ಹಾಕಿದ್ದು ಒಟ್ಟು 410 ಪಂದ್ಯಗಳಿಗೆ. ಭಾಗಿಸಿದರೆ ಪಂದ್ಯಕ್ಕೆ 118 ಕೋಟಿ. 2023ರಲ್ಲಿ ನಡೆದದ್ದು 74 ಪಂದ್ಯ. ಗುಣಿಸಿದರೆ 8,730 ಕೋಟಿಯ ಆಸುಪಾಸು ಬರುತ್ತದೆ. ಆ ಋತುವಿನ ಲೆಕ್ಕದಲ್ಲಿ ಕಾಣುವ ಪ್ರಸಾರ ಹಕ್ಕಿನ ಮೊತ್ತ 8,744 ಕೋಟಿ. ಇಷ್ಟು ಹತ್ತಿರ ಬಂತೆಂದರೆ ಅಂಕಿ ಸರಿಯಾದ ಜಾಗದಿಂದಲೇ ಬಂದಿದೆ ಎಂದರ್ಥ.

ಈ 410ರ ಹಿಂದೆ ಒಂದು ಸೂಕ್ಷ್ಮವಿದೆ. ಮೊದಲೆರಡು ವರ್ಷ 74, ಆಮೇಲಿನ ಎರಡು ವರ್ಷ 84, ಕೊನೆಯ ವರ್ಷ 94 ಪಂದ್ಯ ಎಂಬ ಊಹೆಯ ಮೇಲೆ ಆ ಸಂಖ್ಯೆ ನಿಂತಿದೆ. 2025ರಲ್ಲೂ ವೇಳಾಪಟ್ಟಿ 74 ಪಂದ್ಯಕ್ಕೇ ನಿಂತಿತು. ಬಿಡ್ ಆದದ್ದು ಪಂದ್ಯವಾರು ದರದಲ್ಲಿ. ಹಾಗಾಗಿ 48,390 ಕೋಟಿಯನ್ನು ಐದರಿಂದ ಭಾಗಿಸಿ ‘ವರ್ಷಕ್ಕೆ ಇಷ್ಟು’ ಎನ್ನುವವರ ಲೆಕ್ಕ ಮೊದಲ ದಿನದಿಂದಲೇ ತಪ್ಪು.

ಬಂದ ಪ್ರಸಾರದ ಹಣದಲ್ಲಿ ಅರ್ಧ ಫ್ರಾಂಚೈಸಿಗಳಿಗೆ ಹೋಗುತ್ತದೆ. 8,744ರ ಅರ್ಧವನ್ನು ಹತ್ತು ತಂಡಕ್ಕೆ ಹಂಚಿದರೆ ಸರಾಸರಿ 437 ಕೋಟಿ. ಅದಕ್ಕೇ ಟಿಕೆಟ್ ಮಾರುವ ಮೊದಲೇ ಹಳೆಯ ತಂಡಗಳು ಬಹುತೇಕ ಲಾಭದಲ್ಲಿರುತ್ತವೆ. 2025ರ ಋತುವಿಗಾಗಿ ನಡೆದ ಹರಾಜಿನಲ್ಲಿ ಒಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಮಿತಿ 120 ಕೋಟಿ ಮಾತ್ರ. ತಂಡಗಳಿಂದ ಬಿಸಿಸಿಐಗೆ ವಾಪಸ್ ಬರುವುದೂ ಇದೆ. 2008ರ ತಂಡಗಳು ತಮ್ಮ ಫ್ರಾಂಚೈಸಿ ಶುಲ್ಕವನ್ನು ಹತ್ತು ವರ್ಷದಲ್ಲಿ ತೀರಿಸಿ, ಈಗ ತಮ್ಮ ವರಮಾನದ ಶೇ 20 ಕೊಡುತ್ತವೆ. 2021ರಲ್ಲಿ ಬಂದ ಲಖನೌ 7,090 ಕೋಟಿಯನ್ನೂ ಗುಜರಾತ್ 5,625 ಕೋಟಿಯನ್ನೂ ಹತ್ತು ಕಂತಿನಲ್ಲಿ ಕಟ್ಟುತ್ತಿವೆ. ಆ ಕಂತುಗಳು ಮುಗಿದಾಗ ಈ ಬಾಬ್ತಿನಲ್ಲಿ ಇಳಿಕೆ ಕಾಣಿಸಬಹುದು, ಆಗ ಗಾಬರಿಯ ತಲೆಬರಹಗಳೂ ಬರುತ್ತವೆ. ಮಹಿಳೆಯರ ಲೀಗ್ ಆದ ಡಬ್ಲ್ಯುಪಿಎಲ್ ಹಂಚಿಕೆ ಬೇರೆ: ಮೊದಲ ಐದು ವರ್ಷ ಪ್ರಸಾರ ಹಣದ ಶೇ 80 ತಂಡಗಳಿಗೆ.

ಇನ್ನೊಂದು ಎಡವಟ್ಟು ದಿನಾಂಕದ್ದು. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಐಪಿಎಲ್ ಶುರುವಾಗುವುದೂ ಅದೇ ಹೊತ್ತಿಗೆ. 2023ರ ಮೊದಲ ಪಂದ್ಯ ಅಹಮದಾಬಾದಿನಲ್ಲಿ ನಡೆದದ್ದು ಸರಿಯಾಗಿ ಮಾರ್ಚ್ 31ರಂದು. ಒಂದು ಪಂದ್ಯ ಹಳೆಯ ವರ್ಷದಲ್ಲಿ, 73 ಹೊಸ ವರ್ಷದಲ್ಲಿ! 2019ರ ಟೂರ್ನಿ ಮಾರ್ಚ್ 23ಕ್ಕೇ ಆರಂಭವಾಗಿತ್ತು. 2020ರದ್ದು ಕೊರೊನಾದಿಂದ ಸೆಪ್ಟೆಂಬರ್‌ಗೆ ಹೋಗಿ ಯುಎಇಯಲ್ಲಿ ನಡೆಯಿತು. ಆದ್ದರಿಂದ ‘ಐಪಿಎಲ್ 2023’ ಎಂಬ ಅಂಕಿಯನ್ನೂ ‘2022-23’ ಅಥವಾ ‘2023-24’ ಎಂಬ ಅಂಕಿಯನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ. ಋತುವಿನ ಲೆಕ್ಕಕ್ಕೆ ಒಂದು ಕಾಲಂ, ವರ್ಷದ ಲೆಕ್ಕಕ್ಕೆ ಇನ್ನೊಂದು.

ಈಗ ಸಂಸತ್ತಿನ ಅಂಕಿಗಳು. 2023ರ ಆಗಸ್ಟ್‌ನಲ್ಲಿ ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ಐದು ವರ್ಷದ ವಿವರವಿದೆ. ನನ್ನ ಪ್ರಕಾರ ಇದು ಬಿಸಿಸಿಐ ಹಣಕಾಸಿನ ಬಗ್ಗೆ ಸಾರ್ವಜನಿಕರಿಗೆ ಸಿಗುವ ಅತ್ಯಂತ ಉಪಯುಕ್ತ ಪಟ್ಟಿ, ಯಾಕೆಂದರೆ ಐದೂ ವರ್ಷಕ್ಕೆ ಒಂದೇ ಅಳತೆಗೋಲು.

2017-18: ಆದಾಯ 2,916.67 ಕೋಟಿ, ವೆಚ್ಚ 2,105.50 ಕೋಟಿ, ಕಟ್ಟಿದ ಆದಾಯ ತೆರಿಗೆ 596.63 ಕೋಟಿ.
2018-19: 7,181.61; 4,652.35, 815.08.
2019-20: 4,972.43, 2,268.76; 882.29.
2020-21: 4,735.14, 3,080.37, 844.92.
2021-22: 7,606.15, 3,064.88, 1,159.20.

2018-19ರ ಜಿಗಿತಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆ ವರ್ಷ ಸ್ಟಾರ್ ಜೊತೆಗಿನ ಎರಡು ಒಪ್ಪಂದ ಒಟ್ಟಿಗೇ ಜಾರಿಗೆ ಬಂದವು. ಐಪಿಎಲ್‌ಗೆ ಐದು ವರ್ಷಕ್ಕೆ 16,347.5 ಕೋಟಿ, ತವರಿನ ಸರಣಿಗಳಿಗೆ ಐದು ವರ್ಷಕ್ಕೆ 6,138.1 ಕೋಟಿ.

ಹೆಚ್ಚು ಕುತೂಹಲದ್ದು ತೆರಿಗೆ ಕಾಲಂ. ಆದಾಯದಿಂದ ವೆಚ್ಚ ಕಳೆದು, ಉಳಿಕೆಗೆ ತೆರಿಗೆಯ ಅನುಪಾತ ಹಾಕಿ ನೋಡಿ. 2017-18ರಲ್ಲಿ ಶೇ 74, ಮುಂದಿನೆರಡು ವರ್ಷ ಶೇ 32ರ ಹತ್ತಿರ, 2020-21ರಲ್ಲಿ ಶೇ 51, 2021-22ರಲ್ಲಿ ಶೇ 26. ಒಂದೇ ಸಂಸ್ಥೆ, ಒಂದೇ ದೇಶದ ತೆರಿಗೆ, ಆದರೂ ಇಷ್ಟು ಏರಿಳಿತ! ಪುಸ್ತಕದ ಹೆಚ್ಚುವರಿ ಬೇರೆ, ತೆರಿಗೆಗೆ ಒಳಪಡುವ ಆದಾಯ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗಲಿಕ್ಕಿಲ್ಲ. ಅದರ ಹಿನ್ನೆಲೆಯಲ್ಲಿ ಹಳೆಯ ಜಗಳವೂ ಇದೆ. ಬಿಸಿಸಿಐ 1996ರಿಂದ ಆದಾಯ ತೆರಿಗೆ ಕಾಯ್ದೆಯ 12ಎ ಕಲಮಿನಡಿ ಧರ್ಮಾರ್ಥ ಸಂಸ್ಥೆಯೆಂದು ನೋಂದಾಯಿತ. ಐಪಿಎಲ್ ಶುದ್ಧ ವ್ಯಾಪಾರ, ಧರ್ಮಾರ್ಥ ಎಲ್ಲಿಂದ ಬಂತು ಎನ್ನುವುದು ಇಲಾಖೆಯ ವಾದ. 2021ರ ನವೆಂಬರ್‌ನಲ್ಲಿ ಮುಂಬೈನ ತೆರಿಗೆ ನ್ಯಾಯಮಂಡಳಿ, ಹಣ ಬರುವ ಟೂರ್ನಿ ನಡೆಸಿದ ಮಾತ್ರಕ್ಕೆ ಕ್ರಿಕೆಟ್ ಬೆಳೆಸುವ ಉದ್ದೇಶ ಹೋಗುವುದಿಲ್ಲ ಎಂದು ಬಿಸಿಸಿಐ ಪರ ನಿಂತಿತು. ‘ಬಿಸಿಸಿಐ ತೆರಿಗೆಯನ್ನೇ ಕಟ್ಟುವುದಿಲ್ಲ’ ಎಂಬ ವಾಟ್ಸ್ಆ್ಯಪ್ ಸಂದೇಶ ಈಗಲೂ ಸುತ್ತುತ್ತಿದೆ. ಐದು ವರ್ಷದಲ್ಲಿ 4,298 ಕೋಟಿ ಕಟ್ಟಿದ್ದು ಮೇಲಿನ ಪಟ್ಟಿಯಲ್ಲೇ ಇದೆ.

ಖರ್ಚಿನ ಕಡೆ ಬಂದರೆ, ಎಲ್ಲರ ಕಣ್ಣು ಆಟಗಾರರ ಗುತ್ತಿಗೆಯ ಮೇಲೆ. ಕೂಡಿಸಿ ನೋಡಿ. 2024-25ರ ಪುರುಷರ ಪಟ್ಟಿಯಲ್ಲಿ ಎ ಪ್ಲಸ್ ದರ್ಜೆಯಲ್ಲಿ 4 ಜನ (ತಲಾ 7 ಕೋಟಿ), ಎ ದರ್ಜೆಯಲ್ಲಿ 6 (5 ಕೋಟಿ), ಬಿ ದರ್ಜೆಯಲ್ಲಿ 5 (3 ಕೋಟಿ), ಸಿ ದರ್ಜೆಯಲ್ಲಿ 19 (1 ಕೋಟಿ). ಒಟ್ಟು 34 ಆಟಗಾರರಿಗೆ 92 ಕೋಟಿ. ಐಪಿಎಲ್‌ನ ಒಂದೇ ಒಂದು ಪಂದ್ಯದ ಪ್ರಸಾರ ಹಕ್ಕು 118 ಕೋಟಿ! ಪಂದ್ಯ ಶುಲ್ಕ ಪ್ರತ್ಯೇಕ: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಮಹಿಳೆಯರ ಪಂದ್ಯ ಶುಲ್ಕವನ್ನು 2022ರ ಅಕ್ಟೋಬರ್‌ನಲ್ಲಿ ಪುರುಷರಿಗೆ ಸಮ ಮಾಡಿದರು. 2024ರಲ್ಲಿ ಬಂದ ಟೆಸ್ಟ್ ಪ್ರೋತ್ಸಾಹ ಯೋಜನೆಯಲ್ಲಿ, ಋತುವಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಟೆಸ್ಟ್ ಆಡಿದವರಿಗೆ ಪಂದ್ಯಕ್ಕೆ ಇನ್ನೂ 45 ಲಕ್ಷ. ರಣಜಿಯಲ್ಲಿ 40 ಪಂದ್ಯ ದಾಟಿದ ಆಟಗಾರನಿಗೆ ದಿನಕ್ಕೆ 60,000 ರೂಪಾಯಿ. ಗುತ್ತಿಗೆಯ ಮೊತ್ತ ಸುದ್ದಿಯಾಗುತ್ತದೆಯೇ ಹೊರತು ಬಿಸಿಸಿಐ ಖರ್ಚಿನಲ್ಲಿ ಅದು ಚಿಕ್ಕ ಗೆರೆ. ದೊಡ್ಡ ಗೆರೆಗಳು ಫ್ರಾಂಚೈಸಿ ಪಾಲು ಮತ್ತು ರಾಜ್ಯ ಸಂಸ್ಥೆಗಳ ಅನುದಾನ.

ರಾಜ್ಯ ಸಂಸ್ಥೆ ಅಂದ ಕೂಡಲೇ ಕೆಎಸ್‌ಸಿಎ, ಅಂದರೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ನೆನಪಾಗುತ್ತದೆ. ಚಿನ್ನಸ್ವಾಮಿಯಲ್ಲಿ ಭಾರತ ಟೆಸ್ಟ್ ಆಡಿದರೆ ಟಿಕೆಟ್ ಹಣ ಆತಿಥ್ಯ ವಹಿಸಿದ ಸಂಸ್ಥೆಗೆ, ಅದು ಬಿಸಿಸಿಐ ಪುಸ್ತಕದಲ್ಲಿ ಹುಡುಕಿದರೆ ಸಿಗದು. ಐಪಿಎಲ್ ಪಂದ್ಯದ ಟಿಕೆಟ್ ಹಣ ತವರಿನ ಫ್ರಾಂಚೈಸಿಗೆ. ಮೈದಾನ ಬಿಟ್ಟುಕೊಟ್ಟಿದ್ದಕ್ಕೆ ರಾಜ್ಯ ಸಂಸ್ಥೆಗೆ ಪಂದ್ಯಕ್ಕೆ 1 ಕೋಟಿ ಎಂದು 2020ರಲ್ಲಿ ನಿಗದಿಯಾಯಿತು, ಅರ್ಧ ಫ್ರಾಂಚೈಸಿ, ಅರ್ಧ ಬಿಸಿಸಿಐ. ಅನುದಾನಕ್ಕೆ ಒಂದು ಷರತ್ತೂ ಇದೆ: ಲೆಕ್ಕ ಒಪ್ಪಿಸಬೇಕು. 2016ರ ಅಕ್ಟೋಬರ್‌ನಲ್ಲಿ, ಬಿಸಿಸಿಐ ಸುಧಾರಣೆಗೆಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿ ನೇರವಾಗಿ ಬ್ಯಾಂಕುಗಳಿಗೇ ಪತ್ರ ಬರೆದು ರಾಜ್ಯಗಳಿಗೆ ಹೋಗಲಿದ್ದ ದೊಡ್ಡ ಮೊತ್ತವನ್ನು ತಡೆಸಿತ್ತು. ಬಿಸಿಸಿಐ ನಡೆಸುವ ಈಗಿನ ಅಪೆಕ್ಸ್ ಕೌನ್ಸಿಲ್‌ನಲ್ಲಿ ಸಿಎಜಿ (ಸರ್ಕಾರದ ಮಹಾಲೇಖಪಾಲರು) ನಾಮನಿರ್ದೇಶಿತರೊಬ್ಬರು ಕೂರುವುದು ಅದೇ ಸುಧಾರಣೆಯ ಫಲ. ಅಂದ ಹಾಗೆ 2025ರ ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ಖಜಾಂಚಿಯಾದವರು ನಮ್ಮ ಎಡಗೈ ಸ್ಪಿನ್ನರ್ ರಘುರಾಮ್ ಭಟ್.

ದೇವನಹಳ್ಳಿ ಕಡೆ 40 ಎಕರೆಯಲ್ಲಿ ಕಟ್ಟಿ 2024ರ ಸೆಪ್ಟೆಂಬರ್‌ನಲ್ಲಿ ತೆರೆದ ಸೆಂಟರ್ ಆಫ್ ಎಕ್ಸಲೆನ್ಸ್ ಖರ್ಚನ್ನು ವೆಚ್ಚದ ಕಾಲಂನಲ್ಲಿ ಹುಡುಕುವವರಿದ್ದಾರೆ. ಮೂರು ಮೈದಾನ, 86 ಪಿಚ್, ಕಟ್ಟಡ ಇವೆಲ್ಲ ಆಸ್ತಿ. ಕಾಣುವುದು ಬ್ಯಾಲೆನ್ಸ್ ಶೀಟಿನಲ್ಲಿ. ವೆಚ್ಚದ ಕಡೆ ಬರುವುದು ಸವಕಳಿ ಮತ್ತು ನಿರ್ವಹಣೆ ಮಾತ್ರ.

ಲೆಕ್ಕ ಕೈಕೊಡುವುದು ಬಹುತೇಕ ಒಪ್ಪಂದ ಮುರಿದಾಗ. ಕೊಚ್ಚಿ ಟಸ್ಕರ್ಸ್ 10% ಬ್ಯಾಂಕ್ ಗ್ಯಾರಂಟಿ ಕೊಡಲಿಲ್ಲವೆಂದು 2011ರಲ್ಲಿ ತಂಡವನ್ನು ರದ್ದು ಮಾಡಿದರು. ಮಧ್ಯಸ್ಥಿಕೆಯಲ್ಲಿ ತೀರ್ಪು ಬಿಸಿಸಿಐ ವಿರುದ್ಧ ಬಂತು, 2025ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮೊತ್ತ ಸುಮಾರು 538 ಕೋಟಿ. ಹೈದರಾಬಾದಿನ ಹಳೆಯ ತಂಡ ಡೆಕ್ಕನ್ ಚಾರ್ಜರ್ಸ್ ವಿಚಾರದಲ್ಲಿ 2020ರಲ್ಲಿ ಬಂದ 4,800 ಕೋಟಿ ದಾಟಿದ ಮಧ್ಯಸ್ಥಿಕೆ ತೀರ್ಪನ್ನು ಅದೇ ಹೈಕೋರ್ಟ್ ಮರುವರ್ಷ ತಳ್ಳಿಹಾಕಿತು. ಇಂಥವು ಆದಾಯ-ವೆಚ್ಚದಲ್ಲಿ ತಟ್ಟನೆ ಕಾಣುವುದಿಲ್ಲ, ಕೊನೆಯ ಟಿಪ್ಪಣಿಗಳಲ್ಲಿ ಸಂಭಾವ್ಯ ಹೊಣೆ ಎಂಬ ಶೀರ್ಷಿಕೆಯಡಿ ಹುಡುಕಬೇಕು. ಬರಬೇಕಾದ ಹಣವೂ ಕೆಲವೊಮ್ಮೆ ಬರುವುದಿಲ್ಲ. ಜೆರ್ಸಿ ಪ್ರಾಯೋಜಕತ್ವದ 158.9 ಕೋಟಿ ಬಾಕಿಗಾಗಿ ಬಿಸಿಸಿಐ ಬೈಜೂಸ್ ವಿರುದ್ಧ ದಿವಾಳಿ ಅರ್ಜಿ ಹಾಕಿತು, 2024ರ ಜುಲೈನಲ್ಲಿ ಬೆಂಗಳೂರಿನ ಎನ್‌ಸಿಎಲ್‌ಟಿ (ಕಂಪನಿ ಕಾನೂನು ನ್ಯಾಯಮಂಡಳಿ) ಅದನ್ನು ಅಂಗೀಕರಿಸಿತು. ಆಗಸ್ಟ್‌ನಲ್ಲಿ ರಾಜಿಗೆ ಒಪ್ಪಿಗೆ ಸಿಕ್ಕರೂ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬಿಲ್ ಹರಿದ ದಿನವೇ ಆದಾಯ ಎಂದು ಬರೆದುಕೊಂಡರೆ, ವಸೂಲಾಗದ ವರ್ಷ ಅದು ತಿರುಗಿ ಹೊಡೆಯುತ್ತದೆ. ಡ್ರೀಮ್11 ಕಥೆ ಇನ್ನೂ ಬೇರೆ. 358 ಕೋಟಿಯ ಒಪ್ಪಂದ, ಬಾಕಿಯ ತಕರಾರಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ನಡುವೆಯೇ ನಿಂತಿತು. ತಿಂಗಳೊಳಗೆ ಅಪೊಲೊ ಟೈರ್ಸ್ 579 ಕೋಟಿಗೆ ಬಂದದ್ದು ಬಿಸಿಸಿಐ ಅದೃಷ್ಟ.

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಅಂದರೆ ಐಸಿಸಿ ಹಣ ಕೊನೆಯ ಬಾಬ್ತು. 2024-27ರ ಹಂಚಿಕೆಯಲ್ಲಿ ಭಾರತದ ಪಾಲು ಶೇ 38.5, ವರ್ಷಕ್ಕೆ ಸುಮಾರು 23 ಕೋಟಿ ಡಾಲರ್. ಇಂಗ್ಲೆಂಡಿಗೆ ಶೇ 6.89, ಆಸ್ಟ್ರೇಲಿಯಾಕ್ಕೆ ಶೇ 6.25. ಆದರೆ ನಮ್ಮಲ್ಲಿ ವಿಶ್ವಕಪ್ ನಡೆದಾಗ ತೆರಿಗೆ ವಿನಾಯಿತಿ ಸಿಗದಿದ್ದರೆ ಆ ಹೊರೆ ಬಿಸಿಸಿಐ ಪಾಲಿಗೇ ಬೀಳುತ್ತದೆ. 2016ರ ಟಿ20 ವಿಶ್ವಕಪ್‌ನ ಪ್ರಸಾರಕರು ಐಸಿಸಿಗೆ ಕೊಡುವ ಹಣದಲ್ಲಿ ಶೇ 10.92 ತೆರಿಗೆ ಹಿಡಿದುಕೊಂಡರು, ಐಸಿಸಿ ಅದನ್ನು ಬಿಸಿಸಿಐ ಪಾಲಿನಿಂದ ಮುರಿದುಕೊಂಡಿತು: 2.37 ಕೋಟಿ ಡಾಲರ್. ಆದ್ದರಿಂದ ಐಸಿಸಿ ಬಾಬ್ತಿನಲ್ಲಿ ಹಕ್ಕಿನ ಮೊತ್ತ, ಕೈಗೆ ಬಂದ ಮೊತ್ತ, ತಕರಾರಿನಲ್ಲಿರುವ ಮೊತ್ತ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಡಾಲರ್ ಲೆಕ್ಕವನ್ನು ರೂಪಾಯಿಗೆ ತಿರುಗಿಸುವಾಗ ಯಾವ ದಿನದ ದರ ಎಂದೂ ಪಕ್ಕದಲ್ಲಿ ಗುರುತು ಹಾಕಿ.