ಅಣ್ಣತಮ್ಮಂದಿರ ಚುನಾವಣೆ

ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಸ್‌ನ ಮಾಜಿ ಅಧ್ಯಕ್ಷ ಅನೋಟೆ ಟಾಂಗ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಏರುತ್ತಿರುವ ಕಡಲಿನಿಂದ ಶುರು ಮಾಡುತ್ತಾರೆ. ನನ್ನನ್ನು ಅವರತ್ತ ಸೆಳೆದದ್ದು ಮಾತ್ರ 2003ರ ಜುಲೈ ಚುನಾವಣೆ. ಕಿರಿಬಾಸ್ ದೇಶದ ಅಧ್ಯಕ್ಷ ಪದವಿಗೆ ಅವರು ನಿಂತಾಗ ಮುಖ್ಯ ಎದುರಾಳಿ ಯಾರು ಗೊತ್ತೇ? ಸ್ವಂತ ಅಣ್ಣ, ಡಾಕ್ಟರ್ ಹ್ಯಾರಿ ಟಾಂಗ್. ತಮ್ಮನಿಗೆ ಶೇ. 47ರಷ್ಟು ಮತ, ಅಣ್ಣನಿಗೆ ಶೇ. 43ರ ಆಸುಪಾಸು. ಇಡೀ ದೇಶದ ಜನಸಂಖ್ಯೆ ಲಕ್ಷವನ್ನೂ ಮುಟ್ಟಿರಲಿಲ್ಲ. ಅಂಥ ಕಡೆ ಈ ಪೈಪೋಟಿ ಎಷ್ಟು ಮನೆಗಳ ಜಗಲಿಯಲ್ಲಿ ಚರ್ಚೆಯಾಗಿರಬೇಕು! ನಾನೂ ಮನೆಯಲ್ಲಿ ಕಿರಿಯವನು. ಅಣ್ಣನಿಗೆ ಎದುರು ನಿಲ್ಲಬೇಕಾದರೆ ಒಳಗೆ ಎಷ್ಟು ಗಟ್ಟಿ ಇರಬೇಕೆಂದು ಬಲ್ಲೆ.

(ಈ ದ್ವೀಪಗಳಿಗಿದ್ದ ಗಿಲ್ಬರ್ಟ್ಸ್ ಎಂಬ ಇಂಗ್ಲಿಷ್ ಹೆಸರೇ ಅಲ್ಲಿಯವರ ನಾಲಿಗೆಯಲ್ಲಿ ಹೊರಳಿ ಕಿರಿಬಾಸ್ ಆದದ್ದು. Kiribati ಎಂಬ ಬರಹ ನೋಡಿ ‘ಕಿರಿಬಾಟಿ’ ಎಂದು ಓದಿಬಿಡುತ್ತೇವೆ, ತಪ್ಪು.)

ಟಾಂಗ್ ಹುಟ್ಟಿದ್ದು 1952ರಲ್ಲಿ, ತಬುಎರಾನ್ ದ್ವೀಪದಲ್ಲಿ. ತಂದೆ ಚೀನಾದಿಂದ ಬಂದು ನೆಲೆಸಿದವರು, ತಾಯಿ ದ್ವೀಪದವರೇ. ಓದು ನ್ಯೂಜಿಲೆಂಡ್‌ನಲ್ಲಿ, ಆಮೇಲೆ ಲಂಡನ್ನಿನಲ್ಲಿ. ಹೀಗೆ ಬೆಳೆದ ಮಗನೇ ಅಧ್ಯಕ್ಷನಾದ ಕೆಲವೇ ತಿಂಗಳಲ್ಲಿ ತೈವಾನ್‌ಗೆ ಮಾನ್ಯತೆ ಕೊಟ್ಟ, ಚೀನಾ ಸಂಬಂಧ ಕಡಿದುಕೊಂಡಿತು. ರಕ್ತದ ನಂಟನ್ನು ರಾಜಕೀಯದಿಂದ ದೂರ ಇಡುವ ಸ್ವಭಾವ ಅಣ್ಣನ ವಿಷಯಕ್ಕಷ್ಟೇ ಸೀಮಿತವಾಗಿರಲಿಲ್ಲ ಅನ್ನಿಸುತ್ತದೆ.

ಅವರ ‘ಘನತೆಯಿಂದ ವಲಸೆ’ ಎಂಬ ಮಾತನ್ನು ನಾನು ಈ ಮನೆತನದ ಕಥೆಯ ಜೊತೆಗೇ ಓದುತ್ತೇನೆ. ಮುಕ್ಕಾಲುಪಾಲು ನೆಲ ಕಡಲಮಟ್ಟಕ್ಕಿಂತ ಎರಡು ಮೂರು ಮೀಟರ್ ಎತ್ತರವೂ ಇಲ್ಲದ ದೇಶ. ಒಂದು ದಿನ ಹೊರಡಬೇಕಾಗಬಹುದು ಎಂದು ಜನರಿಗೆ ಮುಖ ಕೊಟ್ಟು ಹೇಳಿದರು. ಆದರೆ ‘ನಿರಾಶ್ರಿತರು’ ಎಂಬ ಹಣೆಪಟ್ಟಿಯನ್ನು ಒಪ್ಪಲಿಲ್ಲ. ಹೋಗುವವರು ಕೈಯಲ್ಲಿ ಕಸುಬು ಹಿಡಿದು ಹೋಗಲಿ ಎನ್ನುವುದು ಅವರ ಹಟ. ಅವರ ಕಾಲದಲ್ಲಿ ಕಿರಿಬಾಸ್‌ನ ಯುವಜನರು ಆಸ್ಟ್ರೇಲಿಯಾಕ್ಕೆ ಹೋಗಿ ನರ್ಸಿಂಗ್ ಕಲಿತರು. ಕಡಲು ದಾಟಿ ಬಂದು ಬದುಕು ಕಟ್ಟಿದ ಅಪ್ಪನನ್ನು ಕಂಡವರಿಗೆ, ವಲಸೆ ಹೋಗುವವನು ತಲೆ ತಗ್ಗಿಸಬೇಕಿಲ್ಲ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2014ರಲ್ಲಿ ಫಿಜಿಯ ವನುವಾ ಲೆವು ದ್ವೀಪದಲ್ಲಿ ಸುಮಾರು 20 ಚದರ ಕಿಲೋಮೀಟರ್ ಜಮೀನನ್ನು ದೇಶಕ್ಕಾಗಿ ಕೊಂಡರು. ಇದೊಂದನ್ನು ಒಪ್ಪಲು ನನಗೆ ತುಂಬಾ ಹೊತ್ತು ಹಿಡಿಯಿತು. ಊರು ಬಿಡುವ ಮಾತನ್ನು ನಾಯಕನೇ ಆಡಿದರೆ ತೆಂಗಿನ ಸಸಿ ನೆಡುವವರು ಯಾರು? ಅವರ ನಂತರ, 2016ರಲ್ಲಿ ಬಂದ ತನೇಟಿ ಮಾಮಾವು ಸರ್ಕಾರ ಉಳಿಯುವ ಮಾತನ್ನೇ ಮುಂದೆ ತಂದಿತು. ಆದರೂ ಈಗ ನನಗೆ ಟಾಂಗ್ ಮಾಡಿದ್ದು ಮನೆಯ ಹಿರಿಯನೊಬ್ಬನ ಕೆಲಸದಂತೆ ಕಾಣುತ್ತದೆ: ಮಕ್ಕಳು ಕೇಳುವ ಮೊದಲೇ ಇನ್ನೊಂದು ಬಾಗಿಲು ಮಾಡಿಟ್ಟದ್ದು.

ವಿಶ್ವಸಂಸ್ಥೆಯಲ್ಲಿ ಭಾಷಣ ಮುಗಿಸುವಾಗ ಅವರು ತಮ್ಮ ಭಾಷೆಯಲ್ಲೇ ಹರಸುತ್ತಿದ್ದರು: ತೆ ಮೌರಿ, ತೆ ರಾವೊಯ್, ಅವೊ ತೆ ತಬೊಮೊವಾ. ಆರೋಗ್ಯ, ಶಾಂತಿ, ಸಮೃದ್ಧಿ.