ಫೇಡ್ ಎಷ್ಟು ಎತ್ತರಕ್ಕೆ ಏರಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

‘ಈ ಫೇಡ್ ನನಗೆ ಒಪ್ಪುತ್ತಾ?’ ಫೋನಿನಲ್ಲಿ ಯಾರದೋ ಫೋಟೋ ಹಿಡಿದು ಕೇಳುವ ಪ್ರಶ್ನೆ ಇದು. ಮುಂಬಯಿ ಬಳಿಯ ಡೊಂಬಿವಲಿಯಲ್ಲಿರಲಿ, ಪುಣೆಯ ಹಿಂಜವಡಿಯಲ್ಲಿರಲಿ, ಗೋವಾದ ವಾಸ್ಕೋದಲ್ಲಿರಲಿ, ನಮ್ಮ ಕನ್ನಡದ ಹುಡುಗರು ಸಲೂನಿಗೆ ಹೋಗುವ ಮುಂಚೆ ಕೇಳುವುದು ಇದನ್ನೇ. ಫೋಟೋದವನ ಮುಖ ನೋಡುವ ಮೊದಲು ನಿಮ್ಮ ಬುರುಡೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ಎನ್ನುವುದು ನನ್ನ ಉತ್ತರ.

ತಲೆಯ ಪಕ್ಕ ಮತ್ತು ಹಿಂದಿನ ಕೂದಲು ಕೆಳಗೆ ತೀರಾ ಗಿಡ್ಡ, ಮೇಲೆ ಹೋದಂತೆ ಉದ್ದ, ನಡುವೆ ಎಲ್ಲೂ ಗೆರೆ ಕಾಣಬಾರದು. ಫೇಡ್ ಎಂದರೆ ಇಷ್ಟೇ. ಈ ಬದಲಾವಣೆ ಕಿವಿಯ ಮೇಲೆ ಒಂದೆರಡು ಬೆರಳಿನಷ್ಟರಲ್ಲಿ ಮುಗಿದರೆ ಲೋ, ಕಣತಲೆಯ ಮಟ್ಟಕ್ಕೆ ಬಂದರೆ ಮಿಡ್, ಅದನ್ನೂ ದಾಟಿದರೆ ಹೈ. ಕಿವಿಯ ಹಿಂದೆ ಬಾಗಿ ಕುತ್ತಿಗೆಯ ಕಡೆಗೆ ಇಳಿದರೆ ಡ್ರಾಪ್. ಕಿವಿಯ ಮುಂದೆ ಮತ್ತು ಕುತ್ತಿಗೆಯಲ್ಲಿ ಮಾತ್ರ ತೆಳುವಾಗಿಸಿದರೆ ಅದು ಟೇಪರ್.

ಈಗ ಒಂದು ಬಾಚಣಿಗೆ ತೆಗೆದುಕೊಂಡು ಕಿವಿಯ ಮೇಲೆ, ತಲೆಯ ಪಕ್ಕಕ್ಕೆ ನೆಟ್ಟಗೆ ಒತ್ತಿ ಹಿಡಿಯಿರಿ. ಮೇಲೆ ಒಂದು ಕಡೆ ಬುರುಡೆ ಒಳಕ್ಕೆ ಬಾಗಿ ಬಾಚಣಿಗೆಯನ್ನು ಬಿಟ್ಟುಕೊಡುತ್ತದೆ. ಆ ತಿರುವೇ ನಿಮ್ಮ ಗಡಿ. ಫೇಡ್ ಅದಕ್ಕಿಂತ ಕೆಳಗೆ ಮುಗಿದರೆ ತಲೆಗೆ ಒಂದು ಚೌಕಟ್ಟು ಉಳಿಯುತ್ತದೆ. ಅದನ್ನು ದಾಟಿ ಮೇಲೇರಿದರೆ ನೆತ್ತಿಯ ಕೂದಲು ಟೋಪಿ ಇಟ್ಟಂತೆ ಬೇರೆಯಾಗಿ ಕೂರುತ್ತದೆ. ಅಗಲ ತಲೆಯವರು ‘ಸೈಡು ಪೂರಾ ತೆಗೆದರೆ ಸಪೂರ ಕಾಣುತ್ತೇನೆ’ ಎಂದುಕೊಂಡು ಹೈ ಫೇಡ್ ಕೇಳುತ್ತಾರೆ. ಮುಖ ದುಂಡಗಿದ್ದು ತಿರುವು ಎತ್ತರದಲ್ಲಿದ್ದರೆ ಇದು ನಿಜ. ತಿರುವು ತಗ್ಗಿನಲ್ಲಿದ್ದರೆ ಆ ಅಗಲವೇ ಬೆತ್ತಲಾಗಿ ಕಾಣುತ್ತದೆ.

ಹಿಂದಲೆಯನ್ನೂ ಹೀಗೇ ನೋಡಬೇಕು, ಇಲ್ಲಿ ತಪ್ಪುವವರು ಹೆಚ್ಚು. ಅಂಗೈಯಿಂದ ಸವರಿದಾಗ ಕುತ್ತಿಗೆಯ ಮೇಲೆ ಒಂದು ಉಬ್ಬು ಸಿಗುತ್ತದೆ. ಉಬ್ಬು ಚೆನ್ನಾಗಿದ್ದರೆ ಮಿಡ್ ಫೇಡ್ ಅಲ್ಲಿ ಸುಂದರವಾಗಿ ಕೂರುತ್ತದೆ. ಹಿಂದಲೆ ಚಪ್ಪಟೆಯಾಗಿದ್ದರೆ ಅಲ್ಲಿ ಕೂದಲು ಉಳಿಯಲೇಬೇಕು, ಏಕೆಂದರೆ ಇಲ್ಲದ ಉಬ್ಬನ್ನು ಆ ಕೂದಲೇ ಕಟ್ಟಿಕೊಡುತ್ತದೆ. ಅಂಥವರಿಗೆ ಡ್ರಾಪ್ ಫೇಡ್ ಒಳ್ಳೆಯದು. ಕುತ್ತಿಗೆಯಲ್ಲಿ ಮಡಿಕೆ ಬೀಳುವವರು ಅಲ್ಲಿ ಝೀರೋ, ಅಂದರೆ ಚರ್ಮ ಕಾಣುವಷ್ಟು ಗಿಡ್ಡ, ಹಾಕಿಸಬಾರದು, 3 ಮಿ.ಮೀ. ಬಿಟ್ಟರೆ ಮಡಿಕೆ ಎದ್ದು ಕಾಣುವುದಿಲ್ಲ. ಸುಳಿಯೂ ಮುಖ್ಯ. ಎರಡು ಸುಳಿ ಇದ್ದರೆ ಅಲ್ಲಿ ಗಿಡ್ಡ ಮಾಡಿದಷ್ಟೂ ಕೂದಲು ನೆಟ್ಟಗೆ ನಿಲ್ಲುತ್ತದೆ, ಆದ್ದರಿಂದ ಫೇಡ್ ಸುಳಿಯಿಂದ ದೂರವೇ ಇರಲಿ.

ಮುಖದ ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದ ಮುಖಕ್ಕೆ ಲೋ ಫೇಡ್, ಮೇಲೆ ಎತ್ತರ ಬೇಡ. ದುಂಡು ಮುಖಕ್ಕೆ ಸೈಡು ಬಿಗಿ, ಮೇಲೆ 5 ಸೆ.ಮೀ.ನಷ್ಟು ಕೂದಲು. ಹಣೆಯ ಮೂಲೆಗಳಲ್ಲಿ ಕೂದಲು ಹಿಂದೆ ಸರಿದಿದ್ದರೆ ಹೈ ಫೇಡ್ ಬೇಡವೇ ಬೇಡ, ನೆತ್ತಿಯಲ್ಲಿ ಉಳಿಯುವುದು ಒಂದು ಸಣ್ಣ ದ್ವೀಪ ಮಾತ್ರ. ಗಡ್ಡ ಬಿಟ್ಟವರಿಗೆ ಕಲಮ್, ಅಂದರೆ ಕಿವಿಯ ಮುಂದಿನ ಕೂದಲು, ಕಿವಿಯ ಮೇಲ್ತುದಿಯ ಮಟ್ಟದಲ್ಲಿ ತೆಳುವಾಗಿ, ಕೆಳಗಿಳಿದಂತೆ ಮತ್ತೆ ದಟ್ಟವಾಗಿ ಗಡ್ಡಕ್ಕೆ ಸೇರಬೇಕು.

ನಮ್ಮಲ್ಲಿ ಬಹಳ ಮಂದಿಯ ಕೂದಲು ಕಪ್ಪು, ದಪ್ಪ, ನೇರ. ಬೋಳಿಸಿದ ಬುರುಡೆಯ ಚರ್ಮ ಮುಖಕ್ಕಿಂತ ತಿಳಿ. ಈ ಎರಡರ ನಡುವೆ ಸಣ್ಣ ಗೆರೆಯೂ ಮರೆಯಾಗುವುದಿಲ್ಲ. ಗುಂಗುರು ಕೂದಲು ತಪ್ಪನ್ನು ಮುಚ್ಚಿಕೊಳ್ಳುತ್ತದೆ, ನೇರ ಕೂದಲು ಮುಚ್ಚುವುದಿಲ್ಲ. ಇನ್ನೊಂದು ತೊಂದರೆ: ತಿರುವಿನ ಬಳಿ 10ರಿಂದ 15 ಮಿ.ಮೀ. ಉದ್ದದ ನೇರ ಕೂದಲು ಮುಳ್ಳಿನಂತೆ ಹೊರಕ್ಕೆ ಚಾಚುತ್ತದೆ. ಅಲ್ಲಿ 6 ಮಿ.ಮೀ. ಒಳಗೆ ಇಳಿಸಿ, ಇಲ್ಲವೇ ಬಾಗಿ ಮಲಗುವಷ್ಟು ಉದ್ದ ಬಿಡಿ.

ಇನ್ನು ನಂಬರಿನ ಲೆಕ್ಕ. ಗಾರ್ಡ್ ಎಂದರೆ ಕೂದಲಿನ ಉದ್ದ ಹಿಡಿದಿಡಲು ಮಷೀನಿಗೆ ಸಿಕ್ಕಿಸುವ ಬಾಚಣಿಗೆ. ಅದರ ಒಂದೊಂದು ನಂಬರೂ ಇಂಚಿನ ಎಂಟನೇ ಒಂದು ಭಾಗ. ಹಾಗಾಗಿ ಒಂದು ನಂಬರ್ ಅಂದರೆ 3 ಮಿ.ಮೀ., ಎರಡು ಅಂದರೆ 6, ಮೂರು ಸುಮಾರು 10, ನಾಲ್ಕು ಸುಮಾರು 13. ಮನೆಯ ಟ್ರಿಮ್ಮರಿನಲ್ಲಿ ಸಾಮಾನ್ಯವಾಗಿ ಮಿಲಿಮೀಟರನ್ನೇ ಬರೆದಿರುತ್ತಾರೆ, ಅದರ ‘3’ ಸಲೂನಿನ ಒಂದು ನಂಬರಿಗೆ ಸಮ. ಮನೆಯ ಲೆಕ್ಕ ಹಿಡಿದು ಸಲೂನಿನಲ್ಲಿ ‘ಮೂರು’ ಎಂದರೆ ಮೂರು ಪಟ್ಟು ಉದ್ದ ಉಳಿಯುತ್ತದೆ. ಸಲೂನಿನ ಅಂದಾಜಿನಲ್ಲಿ ಮನೆಯ ಟ್ರಿಮ್ಮರನ್ನು ಮೂರಕ್ಕಿಟ್ಟರೆ ಚರ್ಮ ಇಣುಕುತ್ತದೆ. ಉದ್ದವನ್ನು ಮಿಲಿಮೀಟರಿನಲ್ಲೂ ಹೇಳಿಬಿಡಿ.

ಮುಂಬಯಿ, ಪುಣೆಯ ಸಲೂನುಗಳಲ್ಲಿ ಹಿಂದಿ ನಡೆಯುತ್ತದೆ. ಹೀಗೆ ಹೇಳಿದರೆ ಸಾಕು: ‘ಸೈಡ್ ಮೇ ಲೋ ಫೇಡ್, ನೀಚೆ ಏಕ್ ನಂಬರ್ ಸೇ ಶುರೂ, ಝೀರೋ ನಹೀ, ಊಪರ್ ಕೈಂಚೀ.’ ಅಂದರೆ ಪಕ್ಕದಲ್ಲಿ ಲೋ ಫೇಡ್, ಕೆಳಗೆ ಒಂದು ನಂಬರಿನಿಂದ ಶುರು, ಝೀರೋ ಬೇಡ, ಮೇಲೆ ಕತ್ತರಿ. ಕುತ್ತಿಗೆಯ ಬಳಿ ಚೌಕ ಗೆರೆ ಬೇಡವಾದರೆ ‘ಪೀಛೆ ಲೈನ್ ಮತ್ ಬನಾನಾ’ ಎನ್ನಿ. ಚೌಕ ಗೆರೆ ಅಂದವೇ, ಆದರೆ ಕೂದಲು ಬೆಳೆದಂತೆ ಮೊದಲು ಕೆಡುವುದೂ ಅದೇ. ಮೊದಲ ಸಲ ಮಾಡಿಸುವವರು ಲೋ ಫೇಡನ್ನೇ, ಕೆಳಗೆ ಎರಡು ನಂಬರಿನಿಂದ ಕೇಳಿ. ಕನ್ನಡಿ ನೋಡಿ ಸಾಲದೆನಿಸಿದರೆ ಅಲ್ಲೇ ಇನ್ನೂ ಇಳಿಸಬಹುದು.

ಗೆರೆ ಉಳಿಯುವುದು ಏಕೆ? ಕೆಳಗಿನ ಪಟ್ಟಿಯನ್ನು ಮೊದಲು ಗಾರ್ಡ್ ಇಲ್ಲದೆ ತೆಗೆಯುತ್ತಾರೆ. ಮುಂದೆ ಬ್ಲೇಡನ್ನು ಸರಿಸುವ ಮಷೀನಿನ ಲಿವರ್ ತೆರೆದು ಒಂದೂವರೆ ಮಿ.ಮೀ. ಆಸುಪಾಸಿಗೆ ತಂದು ಮತ್ತೊಂದು ಪಟ್ಟಿ, ಆಮೇಲೆ ಒಂದು ನಂಬರ್, ಎರಡು ನಂಬರ್. ಪ್ರತಿ ಪಟ್ಟಿಯ ಕೊನೆಯಲ್ಲಿ ಮಣಿಕಟ್ಟು ತಿರುಗಿಸಿ ಮಷೀನನ್ನು ಹೊರಕ್ಕೆ ಎತ್ತಬೇಕು. ಒತ್ತಿ ನೇರ ಮೇಲೆ ಓಡಿಸಿದರೆ, ಒಂದರಿಂದ ಮೂರಕ್ಕೆ ಹಾರಿದರೆ, ಬ್ಲೇಡು ಮೊಂಡಾಗಿದ್ದರೆ ಗೆರೆ ಖಚಿತ. ನಿಮ್ಮಿಂದಲೂ ಒಂದು ತಪ್ಪಾಗುತ್ತದೆ: ಕೊಬ್ಬರಿ ಎಣ್ಣೆ ಹಚ್ಚಿದ ತಲೆಯಲ್ಲೇ ಹೋಗಿ ಕೂರುವುದು. ಎಣ್ಣೆಗೆ ಕೂದಲು ಅಂಟಿಕೊಂಡು ಮಷೀನಿನ ಹಲ್ಲಿಗೆ ಸಮನಾಗಿ ಸಿಗುವುದಿಲ್ಲ. ತೊಳೆದು ಒಣಗಿಸಿಕೊಂಡೇ ಹೋಗಿ. ಒಳ್ಳೆಯ ಫೇಡಿಗೆ ಅರ್ಧ ಗಂಟೆಯಾದರೂ ಬೇಕು. ಭಾನುವಾರ ಬೆಳಿಗ್ಗೆ ಹಿಂದೆ ಐದು ಜನ ಕಾಯುತ್ತಿರುವಾಗ ಆ ಅರ್ಧ ಗಂಟೆ ಸಿಗುವುದು ಕಷ್ಟ. ರೇಜರಿಗೆ ಹೊಸ ಬ್ಲೇಡು, ಒರೆಸಿದ ಗಾರ್ಡು ಕೇಳಲು ಸಂಕೋಚ ಬೇಡ. ಹುಳುಕಡ್ಡಿ ಮಷೀನಿನಿಂದಲೂ ಹರಡುತ್ತದೆ.

ಊರಿನ ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಮುಂಬಯಿಯ ಸೆಕೆಗೆ, ಲೋಕಲ್ ರೈಲಿನ ನೂಕುನುಗ್ಗಲಿನ ಬೆವರಿಗೆ ರೇಜರ್ ಹಾಕಿದ ಚರ್ಮದಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ಅಂಥವರು ಬರೀ ಮಷೀನಿನ ಅರ್ಧ ಮಿ.ಮೀ.ಗೆ ನಿಲ್ಲಿಸಿ. ಪುಣೆಯಲ್ಲಿ ಬೈಕಿನವರ ಹೆಲ್ಮೆಟ್ಟು ನೆತ್ತಿಯ ಕೂದಲನ್ನು ಚಪ್ಪಟೆ ಮಾಡುವುದರಿಂದ ಎತ್ತರವನ್ನೇ ನಂಬಿದ ಸ್ಟೈಲ್ ಆಫೀಸು ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಮೇಲೆ ನಾಲ್ಕೈದು ಸೆ.ಮೀ. ಬಿಟ್ಟು, ಬೆರಳಲ್ಲಿ ಕೆದರಿದರೆ ಸರಿಹೋಗುವಂತಿರಲಿ. ಗೋವಾದ ಬಿಸಿಲಿನಲ್ಲಿ ಹೊಸದಾಗಿ ಬೋಳಾದ ಪಕ್ಕಗಳಿಗೆ, ಕಿವಿಯ ಹಿಂದೆಗೂ ಸನ್‌ಸ್ಕ್ರೀನ್ ಹಚ್ಚಿ.

ಕೂದಲು ತಿಂಗಳಿಗೆ ಹೆಚ್ಚುಕಡಿಮೆ 12 ಮಿ.ಮೀ. ಬೆಳೆಯುತ್ತದೆ. ಅಂದರೆ ಇಂದಿನ ಝೀರೋ ಎಂಟೇ ದಿನದಲ್ಲಿ ಒಂದು ನಂಬರಾಗುತ್ತದೆ. ಎರಡು ವಾರಕ್ಕೊಮ್ಮೆ ಹೋಗಲು ಆಗದವರು ಕೆಳಗೆ ಚರ್ಮ ಕಾಣುವಂತೆ ತೆಗೆಯುವ ಸ್ಕಿನ್ ಫೇಡಿಗೆ ಹೋಗದೆ ಟೇಪರ್ ಮಾಡಿಸಿ, ಅದು ತಿಂಗಳವರೆಗೆ ಮಟ್ಟಸವಾಗಿರುತ್ತದೆ. ಮದುವೆಗೆಂದಾದರೆ ಎರಡು ಮೂರು ದಿನ ಮುಂಚೆಯೇ ಮಾಡಿಸಿ. ಚರ್ಮದ ಕೆಂಪು ಇಳಿದು, ಬಣ್ಣ ಒಂದಕ್ಕೊಂದು ಹೊಂದಿಕೊಂಡಿರುತ್ತದೆ.