ಜ್ವರ ಶುರುವಾಗಿದ್ದು ಯಾವತ್ತು?

ನಾಲ್ಕು ದಿನದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಜ್ವರ ಶುರುವಾಗಿದ್ದು ಯಾವತ್ತವ್ವ?"

ಮಂಡ್ಯದಲ್ಲಿ ಸರ್ಕಾರಿ ಲ್ಯಾಬಿನ ಮೇಡಂ ಅವ್ವನನ್ನು ಕೇಳಿದ್ದು ಇದು. "ಮಂಗಳವಾರ" ಅಂತ ನಾನೇ ಬಾಯಿ ಹಾಕಿದೆ. "ನೀವು ಸುಮ್ನಿರಿ, ಅವ್ರೇ ಹೇಳ್ಲಿ" ಅಂದರು. ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಭಾನುವಾರ ಸಂಜೆ ಕನವ್ವ. ಹಸ್ಗೆ ಹುಲ್ಲು ಹಾಕ್ತಿದ್ದೆ, ಚಳಿ ಬಂದು ಅಲ್ಲೇ ಗೋಡೆ ಹಿಡ್ಕಂಡೆ." ಮೇಡಂ ಬೆರಳು ಮಡಚಿ ಎಣಿಸಿದರು. ಶುಕ್ರವಾರಕ್ಕೆ ಆರನೇ ದಿನ. ಚೀಟಿ ಮೇಲೆ 6 ಅಂತ ಬರೆದು ಸುತ್ತು ಹಾಕಿದರು.

ಹೊಟ್ಟೆ ಉರಿಯುವುದು ಇಲ್ಲೇ. ಮಂಗಳವಾರ ಒಂದು ಖಾಸಗಿ ಲ್ಯಾಬಿಗೆ ಹೋಗಿದ್ದೆವು. ಅಲ್ಲಿನ ಹುಡುಗ ಕೇಳಿದ್ದು ಹೆಸರು, ವಯಸ್ಸು, "ಕ್ಯಾಶಾ, ಸ್ಕ್ಯಾನಾ?" ಅಷ್ಟೇ. ಕಾರ್ಡಿನ ಮೇಲೆ ಹನಿ ಬಿಟ್ಟ. ಸಿ ಹತ್ತಿರ ಒಂದು ಗೆರೆ ಮೂಡಿತು, ಅಂದರೆ ಕಾರ್ಡು ಕೆಲಸ ಮಾಡಿದೆ ಅಂತ. ಡೆಂಗಿ ಇದ್ದರೆ ಗೆರೆ ಬರಬೇಕಾದ ಎಂ, ಜಿ ಎರಡೂ ಖಾಲಿ. "ಡೆಂಗಿ ಇಲ್ಲಣ್ಣ" ಅಂದ. ನಾನು ನಿರಾಳವಾಗಿ ಅವ್ವನನ್ನು ಊರಿಗೆ ಬಿಟ್ಟು ಬಂದೆ.

ಆ ಕಾರ್ಡು ನೋಡುವುದು ಪ್ರತಿಕಾಯವನ್ನು. ಅಂದರೆ ವೈರಸ್ ವಿರುದ್ಧ ಮೈ ತಯಾರು ಮಾಡಿಕೊಳ್ಳುವ ಪಡೆ. ಅದು ರಕ್ತದಲ್ಲಿ ಕಾಣಲು ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು. ಅಲ್ಲಿಯವರೆಗೆ ಹುಡುಕಬೇಕಾದ್ದು ವೈರಸ್ಸಿನದೇ ಪ್ರೋಟೀನು, ಎನ್‌ಎಸ್1. ಹುಡುಗ ಕೆಟ್ಟವನಲ್ಲ. ಆದರೆ ಒಂದು ಪ್ರಶ್ನೆ ಕೇಳಿದ್ದರೆ ಅವ್ವನ ಮೂರು ದಿನ ಉಳಿಯುತ್ತಿತ್ತು.

ಶನಿವಾರ ಮೇಡಂ ಎಲೈಸಾ ಅನ್ನುವ ರಕ್ತ ಪರೀಕ್ಷೆಯ ತಟ್ಟೆ ತೋರಿಸಿದರು. ಪುಟ್ಟ ಪುಟ್ಟ ಗುಳಿಗಳು, ಒಟ್ಟು 96. ಅವ್ವನ ಗುಳಿ ಅರಿಶಿನದ ನೀರಿನ ಹಾಗೆ ಹಳದಿ ತಿರುಗಿತ್ತು. "ಡೆಂಗಿನೇ. ಆದ್ರೂ ನಮ್ ಕಡೆಯೋರ ರಕ್ತ ಓದೋದು ಕಷ್ಟ ಕಣಪ್ಪ" ಅಂದರು.

ಆ ಮಾತೂ ತಲೆಯಿಂದ ಹೋಗಿಲ್ಲ. ನಮ್ಮ ಭತ್ತದ ಗದ್ದೆಯ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಮಿದುಳು ಜ್ವರ ಹರಡುತ್ತದೆ. ಮನೆಯ ತೊಟ್ಟಿ, ಡ್ರಮ್ಮಿನ ಈಡಿಸ್ ಸೊಳ್ಳೆ ಡೆಂಗಿ ಹರಡುತ್ತದೆ. ಸೊಳ್ಳೆ ಬೇರೆ, ಆದರೆ ವೈರಸ್‌ಗಳು ದಾಯಾದಿಗಳು. ಜೀಕಾ ಕೂಡ ಅದೇ ಮನೆತನ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದರ ಕಿಟ್‌ನಲ್ಲೂ ಅಂಟಿಕೊಳ್ಳಬಹುದು. 2015-16ರಲ್ಲಿ ಬ್ರೆಜಿಲ್‌ನಲ್ಲಿ ಗರ್ಭಿಣಿಯರಿಗೆ ಬಂದಿದ್ದು ಜೀಕಾನೋ ಡೆಂಗಿನೋ ಅಂತ ಪ್ರತಿಕಾಯ ನೋಡಿ ಹೇಳುವುದು ಇದೇ ಕಾರಣಕ್ಕೆ ಕಷ್ಟವಾಗಿತ್ತು. ಇನ್ನೂ ಖಚಿತವಾಗಿ ಗೊತ್ತಾಗಬೇಕು ಅಂದರೆ ಜೀವಂತ ವೈರಸ್ ಇಟ್ಟು, ರಕ್ತದ ಪ್ರತಿಕಾಯ ಅದನ್ನು ತಡೆಯುತ್ತದಾ ಅಂತ ದಿನಗಟ್ಟಲೆ ನೋಡಬೇಕು. ಅಷ್ಟು ವ್ಯವಸ್ಥೆ ಎಲ್ಲ ಊರಲ್ಲೂ ಎಲ್ಲಿದೆ?

ಈ ವೈರಸ್‌ಗಳನ್ನೇ ಕಾಣದ ದೇಶದವರ ರಕ್ತದಲ್ಲಿ ಕಿಟ್ ಪಾಸಾಗುವುದು ಸುಲಭ. ಗದ್ದೆ ಬದುವಿನಲ್ಲಿ ಅರವತ್ತು ವರ್ಷ ಸೊಳ್ಳೆ ಕಚ್ಚಿಸಿಕೊಂಡ ನನ್ನ ಅವ್ವನ ರಕ್ತದಲ್ಲಿ ಪಾಸಾಗಬೇಕು. ಡೆಂಗಿ ಮಾತ್ರ ಬಂದವರು, ಮಿದುಳು ಜ್ವರದ ಲಸಿಕೆ ಹಾಕಿಸಿಕೊಂಡ ಮಕ್ಕಳು, ಎರಡೂ ಆದವರು, ಎಲ್ಲರ ರಕ್ತದಲ್ಲೂ ನೋಡಬೇಕು. ಕಿಟ್ ಮಾಡುವವರಿಗೆ ಇದು ಜಾಸ್ತಿ ಕೆಲಸವೇ. ಆದರೂ ಮಾಡಲೇಬೇಕು, ಅಲ್ವಾ?

ಅವ್ವನ ಪ್ಲೇಟ್‌ಲೆಟ್ ಏರುತ್ತಿದೆ. ಇವತ್ತು ಗಂಜಿ ಬೇಡ, ಮುದ್ದೆ ತಾ ಅಂದಳು. ನಿನ್ನೆ ಆ ಖಾಸಗಿ ಲ್ಯಾಬಿಗೆ ಹೋಗಿ, ಚೀಟಿಯಲ್ಲಿ ಜ್ವರ ಶುರುವಾದ ದಿನಕ್ಕೆ ಒಂದು ಜಾಗ ಬಿಡಿ ಅಂತ ಹೇಳಿ ಬಂದೆ. ಹುಡುಗ "ಆಯ್ತಣ್ಣ" ಅಂದ. ಮುಂದಿನ ವಾರ ಮತ್ತೆ ಹೋಗಿ ಚೀಟಿ ನೋಡುತ್ತೇನೆ.